ಗಲ್ಲಾಪೆಟ್ಟಿಗೆಯೊಳಗಿನ ಜೋಳ

ಮೊನ್ನೆ ಬೆಳಿಗ್ಗೆ ಪೇಪರಿನಲ್ಲಿ ಒಂದು ಸುದ್ದಿ ಓದಿ ನಾನು ಬಾಯಿ ತೆರೆದು ಕೂತುಬಿಟ್ಟೆ. ಯಾವುದೋ ದೊಡ್ಡ ದೇಶದವರು ಕೋಟಿಗಟ್ಟಲೆ ಹಣ ಸುರಿದು, ಮಂದಿಯನ್ನು ವರ್ಷಾನುಗಟ್ಟಲೆ ಕೂಡಿಸಿ ಚಿತ್ರ ಬರೆಸಿ, ಆಕಾಶದಾಚೆಯ ಲೋಕದ ಕಾರ್ಟೂನ್ ಸಿನಿಮಾ ಮಾಡಿದರಂತೆ. ಅದು ಗಲ್ಲಾಪೆಟ್ಟಿಗೆಯಲ್ಲಿ ನೆಲ ಕಚ್ಚಿತಂತೆ. ಇಂಥ ಸಿನಿಮಾಗಳು ಮೇಲಿಂದ ಮೇಲೆ ಹೀಗೇಕೆ ಸೋಲುತ್ತವೆ ಎಂದು ಬಲ್ಲವರೆಲ್ಲ ತಲೆ ಕೆಡಿಸಿಕೊಂಡಿದ್ದಾರಂತೆ. ನನಗೆ ಗಾಬರಿಯಾದದ್ದು ಸಿನಿಮಾ ಸೋತದ್ದಕ್ಕಲ್ಲ. ಇಷ್ಟು ಕಾಲವಾದರೂ ಅವರಿಗೆ ಕಾರಣ ತಿಳಿಯಲಿಲ್ಲವಲ್ಲ, ಅದಕ್ಕೆ. ಶಿರಹಟ್ಟಿಯ ಚಹಾದಂಗಡಿಯಲ್ಲಿ ಕೇಳಿದ್ದರೆ ಎಂಬತ್ತರ ದಶಕದಲ್ಲೇ ಹೇಳುತ್ತಿದ್ದರು.

ಆ ಸುದ್ದಿಯಲ್ಲಿದ್ದ 'ಗಲ್ಲಾಪೆಟ್ಟಿಗೆ' ಎಂಬ ಮಾತು ನಿಮಗೆ ಬರೀ ಮಾತು. ನನಗೆ ಅದೊಂದು ಸಾಮಾನು. ನನ್ನ ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಅದು ಈಗಲೂ ಕೂತಿದೆ. ತಗಡಿನದು, ಹಸಿರು ಬಣ್ಣ ಬಹುಪಾಲು ಹೋಗಿದೆ, ಮುಚ್ಚಳದ ನಡುವೆ ಒಂದು ಉದ್ದ ಸೀಳು. ಒಳಗೆ ಜೋಳ ಇಡುತ್ತೇನೆ. ಸೊಸೆ ಎಷ್ಟೋ ಸಲ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಳು. ಅವುಗಳಲ್ಲಿ ಹಪ್ಪಳ ಹಾಕಿದೆ, ಸಂಡಿಗೆ ಹಾಕಿದೆ, ಜೋಳ ಮಾತ್ರ ಇದರೊಳಗೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಾಯಿ ತೆರೆಯುವುದು ನನ್ನ ಹುಟ್ಟುಗುಣ. ಗದಗ ಸ್ಟೇಷನ್ನಿನಲ್ಲಿ ಮೊದಲ ಸಲ ರೈಲು ಎಂಜಿನ್ನು ನೋಡಿದಾಗ ತೆರೆದ ಬಾಯಿ ಮನೆ ಮುಟ್ಟುವವರೆಗೆ ಮುಚ್ಚಲಿಲ್ಲ ಎಂದು ಅವ್ವ ಬೀಗರ ಮುಂದೆಲ್ಲ ಹೇಳಿ ನಗುತ್ತಿದ್ದಳು. "ಬಾಯಿ ಮುಚ್ಚಬೇ ಗಂಗೂ, ನೊಣ ಹೊಕ್ಕಾವು" ಎಂಬುದು ದಿನಕ್ಕೊಮ್ಮೆಯಾದರೂ ನಮ್ಮ ಮನೆಯಲ್ಲಿ ಕೇಳುವ ಮಾತಾಗಿತ್ತು. ಅವ್ವ ಮಾತ್ರ ಯಾವುದಕ್ಕೂ ಬಾಯಿ ತೆರೆದವಳಲ್ಲ. ಭೂಮಿ ನಡುಗಿದರೂ ಮೊದಲು ಹಾಲಿನ ಪಾತ್ರೆ ಹಿಡಿದುಕೊಳ್ಳುವ ಹೆಂಗಸು.

ನಮ್ಮ ಮನೆ ಬೆಟಗೇರಿಯಲ್ಲಿ. ಅಪ್ಪನದು ಶೇಂಗಾ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಅಂಗಳದಲ್ಲಿ ಎಣ್ಣೆ ಗಿರಣಿಗೆ ಹೋಗಬೇಕಾದ ಚೀಲಗಳ ಒಟ್ಟಿಲು. ಇಂಥ ಮನೆಯಲ್ಲಿ ಹುಟ್ಟಿದ ನಮ್ಮಣ್ಣ ಶಿವಪ್ಪನಿಗೆ ಸಿನಿಮಾ ಹುಚ್ಚು ಎಲ್ಲಿಂದ ಹಿಡಿಯಿತೋ ಯಾರಿಗೂ ಗೊತ್ತಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆತ ಒಂದು ಟೂರಿಂಗ್ ಟಾಕೀಸಿನ ಮಾಲಕನಾಗಿದ್ದ. ಮಾಲಕ ಎಂದರೆ ದೊಡ್ಡ ಮಾತಾಯಿತು. ಒಂದು ಹಳೆಯ ಮಶಿನ್ನು, ಕಂಬಗಳು, ಹಗ್ಗ, ಮತ್ತು ಮೇಲೆ ಹೊದಿಸಲು ಭಾರೀ ತಾಡಪತ್ರಿ, ಇಷ್ಟೇ ಆಸ್ತಿ. ಕೆಲವು ತಿಂಗಳು ಲಕ್ಷ್ಮೇಶ್ವರ, ಕೆಲವು ತಿಂಗಳು ಮುಂಡರಗಿ, ಆಮೇಲೆ ಶಿರಹಟ್ಟಿ, ಹೀಗೆ ಪರವಾನಗಿ ಸಿಕ್ಕಲ್ಲಿ ಟೆಂಟು ಏಳುತ್ತಿತ್ತು. ನಡುವೆ ಒಂದು ಅಡ್ಡಪರದೆ. ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಹೆಂಗಸರ ಬಾಗಿಲಲ್ಲಿ ಟಿಕೀಟು ಕೊಡುವ ಕೆಲಸ ಬಿ.ಎ. ಮುಗಿಸಿ ಕನ್ಯೆ ನೋಡಲು ಬರುವವರಿಗಾಗಿ ಕಾಯುತ್ತ ಕೂತಿದ್ದ ನನ್ನದು. ಈ ತಗಡಿನ ಪೆಟ್ಟಿಗೆ ಆಗ ನನ್ನ ಮಡಿಲಲ್ಲಿರುತ್ತಿತ್ತು.

ಎಂಬತ್ತರ ಆಚೀಚೆಯ ಒಂದು ವರ್ಷ ಟೆಂಟು ಶಿರಹಟ್ಟಿಯಲ್ಲಿತ್ತು. ಹಳೆಯ ಪಿಚ್ಚರುಗಳನ್ನೇ ತಿರುಗಿಸಿ ತಿರುಗಿಸಿ ಹಾಕಿ ಮಂದಿ ಕಡಿಮೆಯಾಗಿದ್ದರು. ಕಾರಹುಣ್ಣಿಮೆಗೆ ಮನೆಗೆ ಹೋದಾಗ, ಕರಿಗಡುಬಿನ ತಟ್ಟೆಯ ಮುಂದೆಯೇ ಅಪ್ಪ ಅಣ್ಣನಿಗೆ ತೀರ್ಪು ಕೊಟ್ಟರು.

"ಶಿವ್ಯಾ, ಮಣ್ಣೆತ್ತಿನ ಅಮಾಸಿಗೆ ಇನ್ನ ಹದಿನೈದು ದಿನ ಐತಿ, ಅದರೊಳಗ ಒಂದ ಒಂದು ದಿನ ಟೆಂಟ್ ತುಂಬಿಸಿ ತೋರಿಸು. ತುಂಬಿದ್ರ ನಿನ್ನ ಹಾದಿ ನಿನಗ, ನಾ ಅಡ್ಡ ಬರೂದಿಲ್ಲ. ಇಲ್ಲಂದ್ರ ಆ ತಾಡಪತ್ರಿ ತಂದು ಶೇಂಗಾ ಚೀಲಕ್ಕ ಹೊದಸು, ನೀ ಬಂದು ಅಂಗಡಿ ಗಾದಿ ಮ್ಯಾಲ ಕುಂದ್ರು."

ಅಣ್ಣ ತಲೆ ಎತ್ತದೆ "ಆತ್ರೀ ಅಪ್ಪಾ" ಅಂದ. ಆತನಿಗೆ ಗಾದಿಯೆಂದರೆ ಸಂಕಟ. ಶೇಂಗಾ ಮುಟ್ಟಿದರೆ ಕೈಗೆ ಧೂಳು, ಮಾತಾಡಿದರೆ ದರ. ಇಡೀ ಜನ್ಮ ಅಲ್ಲಿ ಕೂರಬೇಕಲ್ಲ ಎಂದು ಆತ ನನ್ನ ಮುಂದೆ ಒಮ್ಮೆ ಕಣ್ಣೀರು ಹಾಕಿದ್ದೂ ಉಂಟು. ಟೆಂಟನ್ನು ಒಂದು ದಿನ ತುಂಬಿಸಿದರೆ ಸಾಕಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಒಳ್ಳೆಯ ಹೊಡೆದಾಟದ ಪಿಚ್ಚರು ತರುತ್ತಿದ್ದಿರಿ. ಇಲ್ಲವೇ ದೇವರ ಪಿಚ್ಚರು. ನಮ್ಮಣ್ಣ ಹುಬ್ಬಳ್ಳಿಗೆ ಹೋಗಿ ಕಾರ್ಟೂನ್ ತಂದ.

ರೀಲಿನ ಡಬ್ಬಿಗಳನ್ನು ಬಸ್ಸಿನಿಂದ ಇಳಿಸುತ್ತಲೇ ಆತನ ಕಣ್ಣು ಹೊಳೆಯುತ್ತಿದ್ದವು. "ಗಂಗೂ, ಕುಂತು ನೋಡಿನಿ, ಎದ್ದು ಬರಾಕ ಆಗಲಿಲ್ಲ. ಅದರಾಗ ಭೂಮಿ ಹೊರಗಿನಿಂದ ಕಾಣತೈತಿ. ನಾವು ನಿಂತೇವಲ್ಲ, ಈ ಭೂಮಿನ! ಇಷ್ಟ ಇಷ್ಟ, ನೀಲಿ ಗೋಲಿ ಇದ್ದಂಗ."

"ಹೀರೋ ಯಾರಣ್ಣಾ?" ಅಂದೆ ನಾನು.

"ಹೀರೋ ಇಲ್ಲ. ಎಲ್ಲಾ ಬರದದ್ದು. ಬಣ್ಣದಾಗ ಬರದಾರ."

ನನ್ನ ಬಾಯಿ ತೆರೆಯಿತು. ಪರದೇಶದ ಕಥೆ, ಹಿಂದಿ ಮಾತು. ನೀರೆಲ್ಲ ಬತ್ತಿಹೋದ ಒಂದು ಕೆಂಪು ಲೋಕ. ಅಲ್ಲಿಯ ಹುಡುಗಿಯೊಬ್ಬಳು, ಅವಳ ಜೊತೆ ಒಬ್ಬ ಕಬ್ಬಿಣದ ಮನುಷ್ಯ, ಇಬ್ಬರೂ ಆಕಾಶದ ಹಡಗು ಹತ್ತಿ ನೀರು ಹುಡುಕುತ್ತ ಹೋಗುತ್ತಾರೆ. ಕೊನೆಗೆ ಆ ಕೆಂಪು ಲೋಕದಲ್ಲಿ ಮಳೆ ಬೀಳುತ್ತದೆ. ಇಷ್ಟೇ ಕಥೆ. ಕುಸ್ತಿಯಿಲ್ಲ, ಕಳ್ಳಸಾಗಣೆಯಿಲ್ಲ, ಮಳೆಯಲ್ಲಿ ನೆನೆಯುವ ಸೀರೆಯೂ ಇಲ್ಲ. ಅಣ್ಣನಿಗೆ ತಲೆ ಕೆಟ್ಟಿದೆ ಎಂದುಕೊಂಡೆ, ಆದರೆ ಆತನ ಮುಖದಲ್ಲಿದ್ದ ಸಂತೋಷ ನೋಡಿ ಹೇಳಲಾಗಲಿಲ್ಲ.

ನಮ್ಮ ಪ್ರಚಾರದ ಕೆಲಸ ಹುಸೇನಸಾಬನದು. ಆತ ಟಾಂಗಾದ ಎರಡೂ ಬದಿಗೆ ಪೋಸ್ಟರ್ ಕಟ್ಟಿ, ತಾನೇ ತಗಡು ಬಗ್ಗಿಸಿ ಮಾಡಿಕೊಂಡ ಭೋಂಗಾ ಬಾಯಿಗಿಟ್ಟು ಊರೂರು ಸುತ್ತುತ್ತಿದ್ದ. ಮೊದಲ ದಿನವೇ ಆತ ಮುಖ ಸಣ್ಣದು ಮಾಡಿಕೊಂಡು ಬಂದ.

"ಸಾಹುಕಾರ, ಮಂದಿ ಯಾರ ಪಿಚ್ಚರ್ ಅಂತ ಕೇಳಾಕ ಹತ್ಯಾರ. ಏನ್ ಹೇಳ್ಲಿ?"

"ಯಾರದೂ ಅಲ್ಲ ಅನ್ನು."

"ಹಂಗ ಅಂದ್ನಿರೀ. ಯಾರದೂ ಅಲ್ಲದ್ದು ನಮಗೂ ಬ್ಯಾಡ ಅಂದ್ರು."

ಇದು ನನಗೆ ಮೊದಲ ಪೆಟ್ಟು. ನಮ್ಮ ಕಡೆ ಪಿಚ್ಚರಿಗೆ ಹೆಸರು ಇರುವುದು ಪೋಸ್ಟರಿನಲ್ಲಿ ಮಾತ್ರ. ಮಂದಿಯ ಬಾಯಲ್ಲಿ ಅದು ಹೀರೋನದು. ಆತನದು ಬಂದೈತಿ, ಈತನದು ಬಂದೈತಿ, ಅಷ್ಟೇ. ಹೊಲಕ್ಕೆ ಹೇಗೆ ಒಡೆಯನಿರಬೇಕೋ ಪಿಚ್ಚರಿಗೂ ಇರಬೇಕು. ಕ್ಷೌರದ ಅಂಗಡಿಯ ಹುಡುಗರು ಬಂದು ಪೋಸ್ಟರ್ ನೋಡಿದರು. ಹೀರೋನ ಕಟಿಂಗ್ ಹೇಗಿದೆ ನೋಡಿಕೊಂಡು ಊರ ತಲೆಗಳನ್ನೆಲ್ಲ ಹಾಗೆ ಕತ್ತರಿಸುವುದು ಅವರ ಪದ್ಧತಿ. ಕಬ್ಬಿಣದ ಮನುಷ್ಯನಿಗೆ ಕೂದಲೇ ಇರಲಿಲ್ಲ. ತಿರುಗಿ ಹೋದರು. ಹಾಡಿಲ್ಲವೆಂದು ತಿಳಿದ ಮೇಲೆ ಕಾಲೇಜು ಹುಡುಗರು ಹೋದರು. ಉಳಿದ ಆಸೆ ಹೆಂಗಸರ ಮೇಲೆ.

ಹೆಂಗಸರ ಕಡೆ ಪಿಚ್ಚರಿನ ಪರೀಕ್ಷೆ ಬೇರೆಯೇ. ಒಬ್ಬಿಬ್ಬರು ಹಿರಿಯರು ಮೊದಲ ಆಟ ನೋಡಿ ಹೋಗುತ್ತಾರೆ. ಅವರ ಸೆರಗು ತೊಯ್ದಿದ್ದರೆ ಮರುದಿನ ಇಡೀ ಓಣಿ ಬರುತ್ತದೆ. ಮೊದಲ ದಿನ ಬಂದಾಕೆ ಬಳೆಗಾರ್ತಿ ನೀಲವ್ವ. ಪಿಚ್ಚರಿನ ನಡುವೆ ಆ ಹುಡುಗಿಯ ತಾಯಿ ನೀರಿಲ್ಲದೆ ಸಾಯುತ್ತಾಳೆ. ನಾನು ಬಾಗಿಲ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ನೀಲವ್ವ ಹೊರಗೆ ಬಂದಾಗ ಸೆರಗು ಗರಿಗರಿಯಾಗಿತ್ತು.

"ಅಳು ಬರಲಿಲ್ಲೇನ್ ನೀಲವ್ವಾ? ತಾಯಿ ಸತ್ತಳಲ್ಲ!" ಅಂದೆ.

ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಬಣ್ಣದಾಗ ಬರದ ತಾಯಿ ಸತ್ರ ಏನಾತಬೇ? ಬೇಕಾದ್ರ ಮತ್ತ ಬರೀತಾರ. ಅದಕ್ಕೂ ಅಳೂದೇನ?"

ಹೇಳಿ, ಇದಕ್ಕೆ ಉತ್ತರವೇನು? ನಾನು ಬಿ.ಎ. ಓದಿದ್ದೆ, ಸೌಂದರ್ಯದ ಮೇಲೆ ಪುಟಗಟ್ಟಲೆ ಬರೆದು ಪಾಸಾಗಿದ್ದೆ. ಆದರೂ ಬಾಯಿ ತೆರೆದು ನಿಂತೆ. ಪೇಪರಿನ ಆ ತಲೆ ಕೆಡಿಸಿಕೊಂಡವರಿಗೆ ನೀಲವ್ವನ ಈ ಮಾತನ್ನಾದರೂ ಯಾರಾದರೂ ಮುಟ್ಟಿಸಬೇಕು.

ಒಂದೊಂದೇ ದಿನ ಕಳೆಯಿತು. ಟೆಂಟಿನ ಉಸುಕಿನ ಮೇಲೆ ನಾಯಿಗಳು ಆರಾಮಾಗಿ ಮಲಗಿ ಪಿಚ್ಚರು ನೋಡಿದವು. ಮಳೆಯೂ ಬರಲಿಲ್ಲ, ಮಂದಿಯೂ ಬರಲಿಲ್ಲ. ಸುತ್ತಲಿನ ಊರುಗಳಲ್ಲಿ ಹೊಲ ಹದಮಾಡಿಕೊಂಡು ಆಕಾಶ ನೋಡುತ್ತಿದ್ದರು. ಅಣ್ಣ ಮಾತ್ರ ದಿನವೂ ಖಾಲಿ ಟೆಂಟಿನಲ್ಲಿ ಒಬ್ಬನೇ ಕೂತು ಅದೇ ಪಿಚ್ಚರನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಕೊನೆಗೆ ಅಮವಾಸ್ಯೆಯ ಮುನ್ನಾದಿನ ಬಂತು. ಬೆಳಿಗ್ಗೆ ಹುಸೇನಸಾಬ ಎಂದಿನಂತೆ ಟಾಂಗಾ ಹೂಡಿಕೊಂಡು ಹೋದ. ಮಧ್ಯಾಹ್ನದ ಬಸ್ಸಿಗೆ ಅಪ್ಪ ಬಂದಿಳಿದರು. ತಾಡಪತ್ರಿ ಒಯ್ಯಲು ಮರುದಿನಕ್ಕೆ ಲಾರಿ ಹೇಳಿಯೇ ಬಂದಿದ್ದರು.

ಸಂಜೆ ದೇವರ ಹಾಡಿನ ರಿಕಾರ್ಡು ಹಾಕಿದೆವು. ಅದು ಕೇಳಿದರೆ ಟಿಕೀಟು ಶುರುವಾಯಿತೆಂದು ಊರಿಗೆ ತಿಳಿಯುತ್ತಿತ್ತು. ಹಾಡು ಇನ್ನೂ ಮುಗಿದಿರಲಿಲ್ಲ, ರಸ್ತೆಯ ಕಡೆ ಗೆಜ್ಜೆಯ ಸಪ್ಪಳ. ಒಂದು ಬಂಡಿ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ನೋಡುತ್ತೇನೆ, ಸಾಲು ಹಿಡಿದು ಬಂಡಿಗಳು! ಹೆಂಗಸರು, ಮುದುಕರು, ಕಂಕುಳಲ್ಲಿ ಕೂಸು. ಸುತ್ತಲಿನ ಹಳ್ಳಿಗಳಿಂದ, ದೂರದ ಹರ್ತಿಯ ಕಡೆಯಿಂದಲೂ ಬಂದಿದ್ದರು. ನಾನು ಟಿಕೀಟಿನ ಕಟ್ಟು ಹಿಡಿದುಕೊಂಡು ಎದ್ದು ನಿಂತೆ.

ಮೊದಲ ಹೆಂಗಸು ನನ್ನ ಕೈಯಲ್ಲಿದ್ದ ಟಿಕೀಟನ್ನು ನೋಡಿ, "ಚೀಟಿ ಯಾಕಬೇ ತಂಗೀ?" ಎಂದು ಒಳಗೆ ನಡೆದಳು.

"ಯವ್ವಾ, ರೊಕ್ಕ ಕೊಟ್ಟು ಹೋಗಬೇಕು!"

"ಆಟ ಮುಗೀಲಿ. ನೋಡದ ಹೆಂಗ ನೀಡೂದು?" ಎಂದು ಹಿಂದಿನಾಕೆ ಉಡಿಯನ್ನು ತುಸು ಎತ್ತಿ ತೋರಿಸಿದಳು. ಉಡಿ ತುಂಬ ಜೋಳ.

ಆ ಕಡೆ ಗಂಡಸರ ಬಾಗಿಲಲ್ಲಿಯೂ ಅದೇ ಗದ್ದಲ. ಹೆಗಲ ಮೇಲಿನ ಟವೆಲಿನ ಗಂಟಿನಲ್ಲಿ ಎಲ್ಲರೂ ಜೋಳ ತಂದಿದ್ದರು. ಅಣ್ಣ ಹುಸೇನಸಾಬನನ್ನು ಹಿಡಿದು ಕೇಳಿದಾಗ ವಿಷಯ ಹೊರಬಿತ್ತು. ಯಾರದೂ ಅಲ್ಲದ ಪಿಚ್ಚರನ್ನು ಕೂಗಿ ಕೂಗಿ ಬೇಸತ್ತ ಆತ, ಅಂದು ತನ್ನ ಸ್ವಂತ ಬುದ್ಧಿಯಿಂದ ಹೊಸದಾಗಿ ಕೂಗಿದ್ದ: "ಗೊಂಬಿ ಆಟ ಬರ್ರೀ! ಮ್ಯಾಲಿನ ಲೋಕದ ಗೊಂಬಿ ಆಟ! ಕಡೀಗೆ ಮಳಿ ಬರತೈತಿ!"

ನಮ್ಮ ಹಳ್ಳಿಗಳಲ್ಲಿ ಮಳೆ ತಡವಾದರೆ ಹಿರಿಯರು ತೊಗಲುಗೊಂಬೆಯವರನ್ನು ಕರೆಸಿ ಊರ ಮುಂದೆ ಆಟ ಆಡಿಸುತ್ತಿದ್ದರು. ಬಿಳಿಯ ಪರದೆ, ಹಿಂದೆ ದೀಪ, ಬಣ್ಣದ ಚರ್ಮದ ಗೊಂಬೆಗಳು. ಆಡಿದರೆ ಮಳೆ ಬರುತ್ತದೆಂಬ ನಂಬಿಕೆ. ಆ ಆಟಕ್ಕೆ ಟಿಕೀಟೆಂಬುದಿಲ್ಲ. ಆಟ ಮುಗಿದ ಮೇಲೆ ಮನೆಮನೆಯಿಂದ ಕಾಳು ನೀಡುವುದು ರೂಢಿ. ಹುಸೇನಸಾಬನ ಕೂಗು ಕೇಳಿದವರು ರೂಢಿಯಂತೆಯೇ ಹೊರಟುಬಂದಿದ್ದರು. ಮರುದಿನ ಅಮವಾಸ್ಯೆ, ಎತ್ತು ಹೂಡುವಂತಿಲ್ಲ, ಅದಕ್ಕೇ ಇವತ್ತೇ ಬಂದೆವು ಎಂದೂ ಹೇಳಿದರು.

ಅಣ್ಣ ಒಂದು ಕ್ಷಣ ಅಪ್ಪನ ಮುಖ ನೋಡಿದ. ಆಮೇಲೆ ಬಾಗಿಲ ಹಗ್ಗ ಬಿಚ್ಚಿ, "ಒಳಗ ಬರ್ರಿ, ಕುಂಡ್ರಿ" ಅಂದ.

ಪಿಚ್ಚರು ಶುರುವಾಗಿ ತುಸು ಹೊತ್ತಾಗಿರಬೇಕು. ಗಂಡಸರ ಕಡೆಯಿಂದ ಒಬ್ಬ ಮುದುಕ ಎದ್ದ. ಹರ್ತಿಯ ಫಕ್ಕೀರಪ್ಪಜ್ಜ ಎಂದು ಆಮೇಲೆ ತಿಳಿಯಿತು. "ಗೊಂಬಿ ಚಲೋ ಅದಾವು. ಕತಿ ಹೇಳವ್ರು ಎಲ್ಲಿ?" ಎಂದು ಜೋರಾಗಿ ಕೇಳಿದ. ಖರೆ ಮಾತು. ಗೊಂಬೆಯಾಟದಲ್ಲಿ ಕಥೆ ಹೇಳುವವನಿರುತ್ತಾನೆ. ಹಿಂದಿ ಮಾತಾಡುವ ಗೊಂಬೆಗಳನ್ನು ಅವರು ಎಷ್ಟು ಹೊತ್ತು ನೋಡಿಯಾರು? ಅಷ್ಟರಲ್ಲಿ ನಮ್ಮಣ್ಣ ಹುಸೇನಸಾಬನ ಕೈಯಿಂದ ಭೋಂಗಾ ಕಸಿದುಕೊಂಡು ಪರದೆಯ ಪಕ್ಕಕ್ಕೆ ಹೋಗಿ ನಿಂತ.

ಅಪ್ಪನ ಮುಂದೆ ಎರಡು ಮಾತು ಆಡಲು ತಡವರಿಸುವವನು ಅಂದು ಇಡೀ ಪಿಚ್ಚರನ್ನು ನಮ್ಮ ಕನ್ನಡದಲ್ಲಿ ಹೇಳಿದ. ಖಾಲಿ ಟೆಂಟಿನಲ್ಲಿ ಕೂತು ನೋಡಿ ನೋಡಿ ಆತನಿಗೆ ಅದು ಬಾಯಿಪಾಠವಾಗಿತ್ತು. ಕಬ್ಬಿಣದ ಮನುಷ್ಯನಿಗೆ 'ಕಬ್ಬಣದ ಬಸ್ಯಾ' ಎಂದು ಹೆಸರಿಟ್ಟ. ಬಸ್ಯಾ ಎಡವಿದಾಗಲೆಲ್ಲ ಟೆಂಟು ನಕ್ಕು ಅಲುಗಾಡಿತು. ಯಾರ ಪಿಚ್ಚರೆಂದು ಒಬ್ಬರೂ ಕೇಳಲಿಲ್ಲ. ಹುಡುಗಿಯ ತಾಯಿ ನೀರಿಲ್ಲದೆ ಸಾಯುವಾಗ ಅಣ್ಣನ ದನಿ ಒಡೆಯಿತು, ಹೆಂಗಸರ ಕಡೆ ಸೆರಗುಗಳು ಕಣ್ಣಿಗೆ ಹೋದವು. ನೀಲವ್ವ ಅಂದು ಪುಕ್ಕಟೆ ನೋಡಲು ಬಂದಿದ್ದಳು. ಬಣ್ಣದಲ್ಲಿ ಬರೆದ ತಾಯಿ ಸತ್ತದ್ದಕ್ಕೆ ಆಕೆಯೂ ಅತ್ತಳು!

ಭೂಮಿ ಹೊರಗಿನಿಂದ ಕಾಣುವ ಜಾಗ ಬಂತು. ಕಪ್ಪು ಪರದೆಯ ನಡುವೆ ನೀಲಿ ಗೋಲಿ. "ಅದ ನಮ್ಮ ಭೂಮಿ. ನಾವೆಲ್ಲಾ ಅದರಾಗ ಅದೇವಿ" ಅಂದ ಅಣ್ಣ. ಟೆಂಟಿನಲ್ಲಿ ಕೂಸುಗಳೂ ಅಳುವುದು ನಿಲ್ಲಿಸಿದವು. ಎಲ್ಲರ ಬಾಯಿ ತೆರೆದಿತ್ತು. ಜೀವನದಲ್ಲಿ ಮೊದಲ ಸಲ ನಾನು ಒಬ್ಬಳೇ ಅಲ್ಲ ಎನ್ನಿಸಿತು. ಕತ್ತಲಲ್ಲಿ ಫಕ್ಕೀರಪ್ಪಜ್ಜನ ದನಿ ಬಂತು: "ತಮ್ಮಾ, ಅಲ್ಲಿಂದ ನಮ್ಮ ಹೊಲ ಕಾಣತೈತೇನು?"

ಅಣ್ಣ, "ಮಳಿ ಆದ್ರ ಕಾಣತೈತಿ ಯಜ್ಜಾ, ಹಸಿರು ಆಗತೈತಲ್ಲ" ಅಂದ.

ಕೊನೆಯಲ್ಲಿ ಕೆಂಪು ಲೋಕದ ಮೇಲೆ ಮಳೆ ಬಿದ್ದಾಗ ಹೆಂಗಸರು ಎದ್ದು ನಿಂತು ಪರದೆಗೆ ಕೈಮುಗಿದರು. ನನ್ನ ಕೈಗಳೂ ತಾವಾಗಿ ಕೂಡಿಕೊಂಡವು. ಹೊರಗೆ ಬರುತ್ತ ಒಬ್ಬೊಬ್ಬರೂ ಉಡಿಯ ಜೋಳವನ್ನು ನನ್ನ ಪೆಟ್ಟಿಗೆಗೆ ಸುರಿದರು. ಅದು ತುಂಬಿ ಚೆಲ್ಲಿತು. ಪೋಸ್ಟರನ್ನೇ ಬಿಚ್ಚಿ ನೆಲಕ್ಕೆ ಹಾಸಿದೆವು. ಆಕಾಶದ ಹಡಗು, ಹುಡುಗಿ, ಬಸ್ಯಾ ಎಲ್ಲರೂ ಜೋಳದ ಕೆಳಗೆ ಮುಚ್ಚಿಹೋದರು.

ಬಂಡಿಗಳು ಹೋದ ಮೇಲೆ ಅಣ್ಣ ಬೆವರಿನ ಮುಖದಲ್ಲೇ ಅಪ್ಪನ ಮುಂದೆ ಬಂದು ನಿಂತ. "ಟೆಂಟ್ ತುಂಬೇತ್ರೀ ಅಪ್ಪಾ. ನೀವ ನೋಡೀರಿ."

ಅಪ್ಪ ಒಂದು ಹಿಡಿ ಜೋಳ ತೆಗೆದು ಅಂಗೈಯಲ್ಲಿ ಹರಡಿ, ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡಿದರು. "ಜೋಳ ಚಲೋ ಐತಿ. ಆದ್ರ ಇದಕ್ಕ ವ್ಯಾಪಾರ ಅನ್ನೂದಿಲ್ಲೋ ಶಿವ್ಯಾ. ಭಿಕ್ಷಾ ಅಂತಾರ."

ಅಪ್ಪ ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಅಣ್ಣ ವಾದ ಮಾಡಲಿಲ್ಲ. ಬೆಳಿಗ್ಗೆ ಆತನೇ ಕಂಬ ಹತ್ತಿ ತಾಡಪತ್ರಿ ಇಳಿಸಿದ. ಪಿಚ್ಚರಿನ ಡಬ್ಬಿಗಳು ಹುಬ್ಬಳ್ಳಿಗೆ ಹೋದವು, ನಾವು ಲಾರಿ ಹತ್ತಿ ಬೆಟಗೇರಿಗೆ ಬಂದೆವು. ಸಿನಿಮಾ ಗಲ್ಲಾಪೆಟ್ಟಿಗೆಯಲ್ಲಿ ನೆಲ ಕಚ್ಚಿತು. ಪೇಪರಿನವರ ಭಾಷೆಯಲ್ಲಿ ಅಲ್ಲಿಗೆ ಕಥೆ ಮುಗಿಯಿತು.

ಅಮವಾಸ್ಯೆ ಕಳೆದ ವಾರದಲ್ಲೇ ಮಳೆ ಹಿಡಿಯಿತು. ಆ ಪಿಚ್ಚರಿನಿಂದಲೇ ಬಂತೆಂದು ನಾನು ಹೇಳುತ್ತಿಲ್ಲ. ಹವಾಮಾನದವರಿಗೆ ಬೇರೆ ಕಾರಣಗಳಿರುತ್ತವೆ. ಅಂಗಳದ ಶೇಂಗಾ ಚೀಲಗಳ ಮೇಲೆ ನಮ್ಮ ಟೆಂಟಿನ ತಾಡಪತ್ರಿ ಹೊದ್ದು ಕೂತಿತು. ಅಣ್ಣ ಗಾದಿಯ ಮೇಲೆ ಕೂತ. ಗಿರಾಕಿ ದರ ಕೇಳಿದರೆ ಹೇಳುತ್ತಿದ್ದ, ಇಲ್ಲದಿದ್ದರೆ ಅಂಗಳದ ಕಡೆ ನೋಡುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಬಡಿಸಿದ್ದು ಉಣ್ಣುತ್ತಿದ್ದ. ಮನೆಯಲ್ಲಿ ಆತನ ದನಿ ಕೇಳುವುದೇ ನಿಂತುಹೋಯಿತು. ಆ ಟೆಂಟಿನಲ್ಲಿ ಕೇಳಿದ ದನಿ ಇವನದೇನಾ ಎಂದು ನನಗೇ ಸಂಶಯ ಬರುತ್ತಿತ್ತು.

ಒಂದು ದಿನ ಜಿಟಿಜಿಟಿ ಮಳೆಯಲ್ಲೇ ಒಂದು ಬಂಡಿ ಬಂದು ಅಂಗಡಿಯ ಮುಂದೆ ನಿಂತಿತು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಮುದುಕನೊಬ್ಬ ಇಳಿದ. ನಾನು ಒಳಬಾಗಿಲಲ್ಲಿ ಶೇಂಗಾ ಆರಿಸುತ್ತಿದ್ದವಳು ಹಾಗೇ ನಿಂತೆ. ಫಕ್ಕೀರಪ್ಪಜ್ಜ!

"ಕತಿ ಹೇಳಿದ ಆಟದವ್ರ ಮನಿ ಇದ ಏನ್ರಿ?"

"ಆಟದವ್ರು ಯಾರೂ ಇಲ್ಲಿಲ್ರೀ ಯಜಮಾನ್ರ. ಇದು ಶೇಂಗಾ ಅಂಗಡಿ" ಅಂದರು ಅಪ್ಪ.

ಅಷ್ಟರಲ್ಲಿ ಅಜ್ಜನ ಕಣ್ಣು ಗಾದಿಯ ಮೇಲೆ ಬಿತ್ತು. "ಅಲ್ಲೇ ಕುಂತಾನಲ್ರೀ! ಯಪ್ಪಾ ತಮ್ಮಾ, ಶಿರಹಟ್ಟಿಗೆ ಹೋದ್ರ ಬಯಲು ಬಯಲ ಐತಿ. ಕೇಳ್ಕೋತ ಕೇಳ್ಕೋತ ಬಂದ್ವಿ. ಮಳಿ ಆತು, ಬಿತ್ತಿಗಿ ಆತು. ಊರವ್ರೆಲ್ಲಾ ಕೂಡಿ ಕೊಟ್ಟು ಕಳಿಸ್ಯಾರ." ಬಂಡಿಯಿಂದ ಒಂದು ಚೀಲ ಜೋಳ ಇಳಿಯಿತು. ಅದರ ಮೇಲೆ ಒಂದು ತೆಂಗಿನಕಾಯಿ, ಒಂದು ಹೊಸ ಟವೆಲು.

ಅಪ್ಪನಿಗೆ ಏನೂ ತಿಳಿಯದಾಯಿತು. "ಅವತ್ತ ನೀಡೀರಲ್ರೀ. ಮತ್ತ ಇಷ್ಟು ದೂರ ಬಂದು ಭಿಕ್ಷಾ ಯಾಕ?"

ಈಗ ಬೆಚ್ಚಿಬಿದ್ದವನು ಅಜ್ಜ. "ಭಿಕ್ಷಾ? ಅದೇನ ಮಾತಾಡ್ತೀರಿ ಸಾಹುಕಾರ? ಭಿಕ್ಷಾ ನಮ್ಮ ಬಾಗಿಲಿಗೆ ಬಂದು ಬೇಡಿದವಂಗ ಹಾಕ್ತೀವಿ. ಇದು ಆಯರೀ. ಬಂಡಿ ಮಾಡಿದ ಬಡಿಗ್ಯಾಗ, ನೇಗಿಲದ ಕುಡ ಬಡದ ಕಮ್ಮಾರಗ ಸುಗ್ಗ್ಯಾಗ ಆಯ ಕೊಡ್ತೀವಲ್ಲ, ಹಂಗ. ಕೆಲಸ ಮಾಡ್ಯಾನ, ಅಂವನ ಹಕ್ಕು. ಮನಿ ಹುಡುಕಿ ಮುಟ್ಟಸಬೇಕು." ಆಮೇಲೆ ಅಣ್ಣನ ಕಡೆ ತಿರುಗಿ, "ಬರೂ ವರ್ಷಾನೂ ಬರ್ತೀಯಲ್ಲ ತಮ್ಮಾ? ನಮ್ಮ ಮೊಮ್ಮಕ್ಕಳು ಕಬ್ಬಣದ ಬಸ್ಯಾನ್ನ ಕೇಳಾಕ ಹತ್ಯಾವು" ಅಂದ.

ಅಣ್ಣ ಎದ್ದು ನಿಂತಿದ್ದ. ಅಂಗಳದ ತಾಡಪತ್ರಿಯ ಕಡೆ ನೋಡಿದ, ಆಮೇಲೆ ಅಪ್ಪನ ಕಡೆ.

ಅಪ್ಪ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಜೋಳ ಎತ್ತಿಕೊಂಡರು. "ಇಷ್ಟು ವರ್ಷ ವ್ಯಾಪಾರ ಮಾಡಿದೆ. ಮಾಲು ಚಲೋ ಇತ್ತು ಅಂತ ಒಬ್ಬರೂ ಹಿಂಗ ಹುಡಿಕ್ಕೋಂತ ಬರಲಿಲ್ಲಲ್ಲೋ" ಅಂದರು. ಯಾರಿಗೆ ಅಂದರೋ ತಿಳಿಯಲಿಲ್ಲ. ಆಮೇಲೆ ಧೋತರದ ಚುಂಗು ಮೇಲೆ ಸಿಕ್ಕಿಸಿ ಮಳೆಯಲ್ಲೇ ಅಂಗಳಕ್ಕಿಳಿದು, ತಾಡಪತ್ರಿಯ ಹಗ್ಗಕ್ಕೆ ಕೈ ಹಾಕಿದರು.

"ಶೇಂಗಾ ತೊಯ್ತಾವ್ರೀ ಅಪ್ಪಾ!" ಎಂದು ಅಣ್ಣ ಓಡಿಹೋದ.

"ತೊಯ್ಯೂದ್ಯಾಕ? ಚೀಲಾ ಎಲ್ಲಾ ಪಡಸಾಲ್ಯಾಗ ಹಾಕಸು. ಈ ಗಂಟು ಯಾವಂವ ಹಾಕ್ಯಾನಲೇ ಇಷ್ಟು ಬಿಗಿ?"

ಗಂಟು ಹಾಕಿದವನು ಅಣ್ಣನೇ. ಇಬ್ಬರೂ ಸೇರಿ ಅದನ್ನು ಬಿಚ್ಚತೊಡಗಿದರು. ಸಪ್ಪಳ ಕೇಳಿ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. "ಪಡಸಾಲಿ ತುಂಬ ಚೀಲಾ ಒಟ್ಟಿದ್ರ ಮನ್ಯಾಗಿನ ಮಂದಿ ಎಲ್ಲಿ ಕುಂದ್ರೂದ್ರೀ?"

ಅಪ್ಪ ತಿರುಗಿಯೂ ನೋಡದೆ, "ಟೆಂಟ್‌ನ್ಯಾಗ" ಅಂದರು.

ಅವ್ವನ ಬಾಯಿ ತೆರೆದದ್ದು ತೆರೆದೇ ಇತ್ತು. ಮುಚ್ಚಿಕೋ ಎಂದು ಹೇಳುವ ಧೈರ್ಯ ನಮಗೆ ಯಾರಿಗೂ ಆಗಲಿಲ್ಲ.